ಕೆರೆಯ ಸೀಳಿನ ಜೇಡಿ

ಭೂಮಿಯೊಳಗೆ ಬಂಡೆ ಸೀಳಿ, ಒಂದು ಮಗ್ಗುಲು ಜಾರಿ, ಒಂದನ್ನೊಂದು ಉಜ್ಜಿದ ಕಡೆ ನುಣ್ಣನೆಯ ಜೇಡಿ ಹುಟ್ಟುತ್ತದೆ. ಸೀಳಿನಲ್ಲಿ ಜೇಡಿ ಸಾಕಷ್ಟಿದ್ದರೆ ಎಣ್ಣೆಯೋ ನೀರೋ ಆಚೆ ಹೋಗದೆ ನಿಲ್ಲುತ್ತದೆ, ಕಡಿಮೆಯಿದ್ದರೆ ಸೋರಿಹೋಗುತ್ತದೆ. ಎಷ್ಟಿದೆ ಎಂದು ಅಂದಾಜು ಹೇಳುವುದೇ ನನ್ನ ಕಸುಬು. ಕಂಡವರ ಎಣ್ಣೆಬಾವಿಗಳಿಗೆ ಇದನ್ನೇ ಹೇಳಿ ಹೊಟ್ಟೆ ಹೊರೆದವನು ನಮ್ಮೂರ ಕೆರೆಗೂ ಹೇಳಬೇಕಾಗಿ ಬಂದದ್ದು ನನ್ನ ಕರ್ಮ.

ಶೀಳನೆರೆ ಕಡೆಯ ನಮ್ಮೂರಲ್ಲಿ ಬೇಸಿಗೆಗೆ ಕೆರೆ ಬತ್ತಿದರೆ ಗದ್ದೆಗೆ ಗೋಡು ಹೊಡೆಸುವುದು ವಾಡಿಕೆ. ಕೆರೆಯ ತಳದ ಆ ಕಪ್ಪು ಮಣ್ಣು ಬಿದ್ದ ಗದ್ದೆ ಬಂಗಾರ. ಆ ವರ್ಷ ಜೆಸಿಬಿ ತಂದರು. ಗೋಡು ಮುಗಿದು ಬಂಡೆ ಕಂಡಿತು. ಬಂಡೆಯ ನಡುವೆ ಬೆಣ್ಣೆಯಂಥ ಜೇಡಿಯ ಪಟ್ಟಿ. ಅಂಥ ಮಣ್ಣನ್ನು ಯಾರಾದರೂ ಬಿಡುತ್ತಾರೆಯೇ? ಅದರ ಬೆನ್ನು ಹಿಡಿದು ಆಳಕ್ಕೆ ಬಗೆದು ಟ್ರಾಕ್ಟರಿಗೆ ತುಂಬಿ ಗದ್ದೆಗಳಿಗೆ ಹೊಡೆದುಬಿಟ್ಟರು. ಅಯ್ಯೋ, ಕೆರೆಗೆ ಬಿರಡೆಯಾಗಿದ್ದದ್ದೇ ಅದು!

ಮಳೆ ಬಂತು, ಕೆರೆ ತುಂಬಿತು, ತೂಬು ಎತ್ತದೆಯೇ ಇಳಿಯತೊಡಗಿತು. ಅಷ್ಟರಲ್ಲಿ ನಾಟಿ ಮುಗಿಸಿದ್ದ ಅಣ್ಣ ಫೋನು ಮಾಡಿದ. ನಾನು ಬರುವ ಹೊತ್ತಿಗೆ ಕೆರೆ ಬರಿದಾಗಿತ್ತು. ಸೀಳಿನೊಳಗೆ ಕೈ ತೂರಿ ಉಳಿದ ಮಣ್ಣು ತೆಗೆದೆ. ಒದ್ದೆ ಮಾಡಿ ಹೊಸೆದರೆ ಬತ್ತಿಯಾಗಲಿಲ್ಲ, ಪುಡಿಯಾಯಿತು. ಬಾಟಲಿಯ ನೀರಿಗೆ ಹಾಕಿ ಕಲಕಿಟ್ಟೆ. ಮರಳೆಲ್ಲ ತಳಕ್ಕೆ ಕೂತಿತು. ಅದರ ಮೇಲೆ ಕೂತ ಜೇಡಿ ಉಗುರಿನ ದಪ್ಪವೂ ಇರಲಿಲ್ಲ. ಅದನ್ನು ನೋಡಿ ನನ್ನ ಜೀವವೇ ಬಾಡಿಹೋಯಿತು.

“ನೆಲ ಓದಿದೋನು ನೀನು ಕಣ್ಲಾ. ನೀರು ನಿಲ್ತದೋ ಇಲ್ವೋ ಏಳ್ಬುಡು,” ಎಂದ ಅಣ್ಣ, ಏರಿಯ ಮೇಲೆ ಕೂತು.

“ನಿಲ್ಲಾಕಿಲ್ಲ ಕಣಣ್ಣ. ಉಳಿದಿರೋ ಜೇಡಿ ಸಾಲ್ದು.”

“ತಗ್ದಿದ್ದ ಮಣ್ಣೇ ವಾಪಸ್ ತುಂಬುದ್ರೆ?”

“ಊರು ಕೊಳ್ಳೆ ಓದ್ಮೇಲೆ ಕೋಟೆ ಬಾಗ್ಲು ಆಕ್ದಂಗೆ. ಅದು ಬಂಡೆನೇ ಅರೆದು ಅದುಮಿಟ್ಟಿದ್ದ ಮಣ್ಣು. ನಾವು ಸುರುದ್ರೆ ಅಂಗೆ ಕೂರಾಕಿಲ್ಲ, ನೀರ್ ಜೊತೇಲೇ ಕೊಚ್ಕೊಂಡೋಯ್ತದೆ.”

ಅವನು ಎದ್ದು ಮನೆಗೆ ಹೋದ.

ಮಾರನೆಯ ಬೆಳಿಗ್ಗೆ ಕೆರೆಯಲ್ಲಿ ಟ್ರಾಕ್ಟರಿನ ಸದ್ದು ಕೇಳಿ ಓಡಿದೆ. ಅಣ್ಣ ಟ್ರೈಲರನ್ನು ಸೀಳಿನ ಬಾಯಿಗೆ ಹಿಮ್ಮುಖವಾಗಿ ನಿಲ್ಲಿಸಿದ್ದ. ತುಂಬ ಅವನ ಗದ್ದೆಗೆ ಹೊಡೆಸಿದ್ದ ಗೋಡು, ಜೇಡಿ. ಹೊಸದಾಗಿ ನೆಟ್ಟ ಪೈರು ಬೇರುಸಮೇತ ಅದರೊಳಗೇ ಇತ್ತು.

“ಏನ್ ಮಾಡ್ಬುಟ್ಟೆ ಅಣ್ಣ! ನಿಲ್ಲಾಕಿಲ್ಲ ಅಂತ ಏಳ್ನಿಲ್ವಾ?”

“ಕೇಳುಸ್ತು ಕಣ್ಲಾ. ನೀರಿಲ್ದಿರೋ ಗದ್ದೆಗೆ ಈ ಮಣ್ಣ್ಯಾಕೆ? ಸನಿಕೆ ಇಡ್ಕೊ.”

ಹಿಡಿದೆ. ಇಬ್ಬರೂ ಸೇರಿ ಪೈರನ್ನೂ ಮಣ್ಣನ್ನೂ ಸೀಳಿಗೆ ಎಳೆದು ಹಾಕಿದೆವು.