ಪರಮಪ್ರಸಾದದ ಕಾವಲು

ಇಲ್ಲಿ ಭಾನುವಾರದ ಪೂಜೆ ಶುಕ್ರವಾರವೇ ನಡೆಯುತ್ತದೆ. ರಜೆ ಇರುವುದು ಅಂದೇ. ಕುವೈತ್ ಸಿಟಿಯ ಈ ಚರ್ಚಿಗೆ ನನ್ನನ್ನು ಕರೆತಂದವರು ನಮ್ಮೂರಿನ ಫಿಲೋಮಿನಕ್ಕ, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಆಯಾ. ಹಿಂದೂವಾದ ನಾನು ಪಕ್ಕದ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದೆ.

ಪರಮಪ್ರಸಾದ ಹಂಚುವ ಪಾದ್ರಿಯ ಬದಿಯಲ್ಲಿ ತೋಳಿಗೆ ನೀಲಿ ಪಟ್ಟಿ ಕಟ್ಟಿದ ಸ್ವಯಂಸೇವಕನೊಬ್ಬ ನಿಂತಿದ್ದ. ಪ್ರಾರ್ಥನೆಯ ಕಡೆಗೆ ಅವನ ಗಮನವೇ ಇರಲಿಲ್ಲ. ಎಲ್ಲರ ಕೈಯನ್ನೂ ಬಾಯನ್ನೂ ನೋಡುತ್ತಿದ್ದ. ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತಪಾಸಣೆ ಮಾಡಿದವನೂ ಹೀಗೆ ದಿಟ್ಟಿಸಿರಲಿಲ್ಲ.

ಫಿಲೋಮಿನಕ್ಕ ಅಂಗೈಗೆ ಬಂದ ಪರಮಪ್ರಸಾದದ ತೆಳ್ಳನೆಯ ಬಿಳಿ ರೊಟ್ಟಿಬಿಲ್ಲೆಯನ್ನು ತಿನ್ನದೆ ಕರವಸ್ತ್ರದೊಳಗೆ ಸರಿಸಿದರು.

“ಅಕ್ಕಾ, ಇಲ್ಲೇ ತಗೊಳ್ಳಿ. ಹೊರಗೆ ಒಯ್ಯೋ ಹಾಗಿಲ್ಲ,” ಎಂದ ಅವನು.

“ನನ್ನ ತಂಗಿಗೆ ಮಾರಾಯ್ರೆ. ಮನೆಕೆಲಸಕ್ಕಿದ್ದಾಳೆ. ವೀಸಾ ಕೊಟ್ಟ ಯಜಮಾನ, ಆ ಕಫೀಲ್, ಶುಕ್ರವಾರವೂ ಹೊರಗೆ ಬಿಡುದಿಲ್ಲ. ಈಸ್ಟರಿಗೂ ಬರ್ಲಿಕ್ಕೆ ಆಗ್ಲಿಲ್ಲ ಅವಳಿಗೆ.”

“ರೂಲ್ಸ್ ಅಂದ್ರೆ ರೂಲ್ಸ್.”

ಅವರು ನುಂಗುವವರೆಗೂ ಅವನು ಕದಲಲಿಲ್ಲ.

ಪೂಜೆ ಮುಗಿಸಿ ಅಂಗಳಕ್ಕೆ ಬಂದರೆ ಅದೇ ಆಸಾಮಿ ನಮ್ಮ ಹಿಂದೆ. ದನಿ ತಗ್ಗಿಸಿ, “ತಂಗಿ ಇರೋ ಮನೆ ಎಲ್ಲಿ ಅಕ್ಕಾ? ಫಾದರಿಗೆ ಹೇಳ್ಬೇಕು,” ಎಂದ.

ಸಹಾಯ ಮಾಡಲಿಕ್ಕೋ, ದೂರು ಕೊಡಲಿಕ್ಕೋ? ಅವನ ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ. ಮಾತು ಕಫೀಲನ ಕಿವಿಗೆ ಬಿದ್ದರೆ ತಂಗಿಯ ಗತಿ?

ಫಿಲೋಮಿನಕ್ಕ ಆ ನೀಲಿ ಪಟ್ಟಿಯನ್ನೇ ನೋಡುತ್ತ, “ನಂಗೆ ಗೊತ್ತಿಲ್ಲ,” ಎಂದರು.

ಅವನು ನನ್ನತ್ತ ತಿರುಗಿದ. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಅವರು ಆ ಮನೆಯ ಗೇಟನ್ನು ನನಗೆ ಬೆರಳು ಮಾಡಿ ತೋರಿಸಿದ್ದರು.

“ನಾನು ಈ ಊರಿಗೆ ಹೊಸಬ,” ಎಂದೆ.