ಎಂಟೇ ಅಕ್ಷರದ ಹೆಸರು

ಚಳ್ಳಕೆರೆಯಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟಾಗ ಇದ್ದ ಕಂಪ್ಯೂಟರು ಫೈಲಿನ ಹೆಸರಿಗೆ ಎಂಟು ಇಂಗ್ಲಿಷ್ ಅಕ್ಷರಗಳಿಗಿಂತ ಹೆಚ್ಚು ತೆಗೆದುಕೊಳ್ಳುತ್ತಿರಲಿಲ್ಲ. ನನ್ನಿವಾಳ ಎಂಬ ಊರಿನ ಹೆಸರು ಬರೆಯಲು ಒಂಬತ್ತು ಬೇಕು. ಕೊನೆಯ ‘ಎ’ ಹೊರಗೇ ಉಳಿಯುತ್ತಿತ್ತು. ಇನ್ನು ಊರಿನ ಜೊತೆ ಗಿರಾಕಿಯ ಹೆಸರನ್ನೂ ಸೇರಿಸುವ ಮಾತೆಲ್ಲಿ? ಹಾಗಾಗಿ ಆಳಿನ ಚಹರೆ ನೋಡಿ ಫೈಲಿಗೆ ಹೆಸರಿಡುವುದನ್ನು ರೂಢಿ ಮಾಡಿಕೊಂಡೆ. ಕುಂಟ, ಬೋಳ, ಹೀಗೆ. ಹುಡುಕಲು ಸುಲಭ, ನೋಡುವವನೂ ನಾನೊಬ್ಬನೇ. ಆಮೇಲೆ ಕಂಪ್ಯೂಟರು ಬದಲಾಯಿತು, ಸಾಫ್ಟ್‌ವೇರಿನ ಹೊಸ ಆವೃತ್ತಿಗಳು ಒಂದರ ಹಿಂದೊಂದು ಬಂದವು, ಮಾರುದ್ದದ ಹೆಸರೂ ಹಿಡಿಸುವಂತಾಯಿತು. ನನ್ನ ಕೈ ಮಾತ್ರ ಹಳೆಯದೇ.

ಮೊನ್ನೆ ರಾಂಪುರದ ಅಂಗನವಾಡಿ ಟೀಚರೊಬ್ಬರು ಮಗಳ ಮದುವೆ ಪತ್ರಿಕೆ ಮಾಡಿಸಲು ಬಂದಿದ್ದರು. ಬಂದಾಗಿನಿಂದ ಉಬ್ಬಿದ ಮುಂದಿನ ಹಲ್ಲು ಕಾಣುವಂತೆ ಬಾಯ್ತುಂಬ ನಗುತ್ತಲೇ ಮಾತಾಡಿದ ಹೆಂಗಸು. ತಿದ್ದಿದ ಪ್ರತಿಯನ್ನು ಅವರ ವಾಟ್ಸಾಪಿಗೆ ಕಳಿಸಿದೆ. ಅವರು ಎದುರಿಗೇ ಕೂತು ಫೋನ್ ತೆರೆದರು. ಇಂಗ್ಲಿಷಿನಲ್ಲಿದ್ದ ಫೈಲಿನ ಹೆಸರನ್ನು ಮಕ್ಕಳಿಗೆ ಹೇಳಿಕೊಡುವಂತೆ ಬಿಡಿಸಿ ಓದಿದರು: “ಹಲ್... ಲುಬ್... ಬಿ.”

ನಾನು ಕೀಬೋರ್ಡಿನಿಂದ ತಲೆ ಎತ್ತಲಿಲ್ಲ.

ಅವರು ಮೆಲ್ಲಗೆ ಕೇಳಿದರು, “ನನ್ ಹೆಸ್ರು ಇದ್ರಾಗೆ ಹಿಡಿಸಲ್ವೇನ್ರಿ?”

ಅವರದು ಇಂಗ್ಲಿಷಿನಲ್ಲಿ ಬರೆದರೆ ಐದೇ ಅಕ್ಷರದ ಹೆಸರು. ಪತ್ರಿಕೆಯಲ್ಲಿ ಅದನ್ನು ಆಗಷ್ಟೇ ಟೈಪು ಮಾಡಿದವನು ನಾನೇ.

“ಹಳೇ ಕಂಪ್ಯೂಟರ್ ಐತ್ರಿ ಟೀಚರ್, ಹಿಡಿಸಲ್ಲ,” ಎಂದೆ.

“ಓ, ಹಂಗಾ,” ಎಂದು ಅವರು ನಕ್ಕರು. ಈ ಸಲ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು.