ಸೋಮವಾರ, ಪೂಜೆಗೆ ಮುಂಚೆ

ನಾನು ರಾಮದುರ್ಗದವಳು. ಬಿ.ಎಡ್. ಮುಗಿಸಿ ಮೊದಲ ನೌಕರಿಗೆ ಸೇರಿದ್ದು ಸವದತ್ತಿಯಿಂದ ಬೈಲಹೊಂಗಲಕ್ಕೆ ಹೋಗುವ ದಾರಿಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ, ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ. ನನಗಿಂತ ಮುಂಚೆ ಇದ್ದ ಇಂಗ್ಲಿಷ್ ಟೀಚರು ಬಸ್ಸಿನಲ್ಲಿ ಓಡಾಡಿ ಬೇಸತ್ತು, ದೀಪಾವಳಿ ಸೂಟಿಗೆಂದು ಹೋದವರು ತಿರುಗಿ ಬಂದಿರಲಿಲ್ಲ. ನಮ್ಮಪ್ಪನ ಕರಾರು ಸ್ಪಷ್ಟವಾಗಿತ್ತು: ಮರ್ಯಾದಸ್ಥರ ಮನೆಯಲ್ಲಿ ಖೋಲಿ ಸಿಕ್ಕರೆ ನೌಕರಿ, ಇಲ್ಲದಿದ್ದರೆ ಮನೆಗೆ ಬಂದು, ಹೆಣ್ಣು ನೋಡಲು ಬಂದವರ ಮುಂದೆ ಅವಲಕ್ಕಿ ತಟ್ಟೆ ಹಿಡಿಯುವುದು. ಮದುವೆಯಾಗದ ಹೆಣ್ಣಿಗೆ ಖೋಲಿ ಕೊಡುವ ಧೈರ್ಯ ಆ ಊರಲ್ಲಿ ಒಬ್ಬರಿಗೇ ಇತ್ತು. ಅವರು ನಮ್ಮ ಓಣಿಯ ಹಿರಿಯ ಮುದುಕಿ. ಓಣಿಯೆಲ್ಲ ಅವರನ್ನು ಆಯಿ ಎನ್ನುತ್ತಿತ್ತು, ನಾನೂ ಅಂದೆ.

ಆಯಿಯ ಮನೆಯಲ್ಲಿ ಬಾಡಿಗೆಗಿಂತ ನೇಮ ಭಾರ. ಶ್ರಾವಣದ ಸೋಮವಾರ ಓಣಿಯ ಹೆಂಗಸರೆಲ್ಲ ಉಪವಾಸ ಇರಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಯಿಯ ಪಡಸಾಲೆಯಲ್ಲಿ ಸೇರಬೇಕು. ಪೂಜೆಯಾಗಿ ಆಯಿ ಕೊಬ್ಬರಿ ಸಕ್ಕರೆ ಬಾಯಿಗೆ ಹಾಕಿಕೊಂಡ ಮೇಲೆಯೇ ಉಳಿದವರು ಮನೆಗೆ ಹೋಗಿ ಉಣ್ಣಬೇಕು. ನಡುವೆ ಯಾರಾದರೂ ತಿಂದರೆ ತಮಗೆ ಮುಖ ನೋಡಿದರೇ ತಿಳಿಯುತ್ತದೆ, ಉಂಡ ಕಳೆ ಬೇರೆಯೇ ಇರುತ್ತದೆ ಎನ್ನುತ್ತಿದ್ದರು. ಬಾಡಿಗೆಗಿದ್ದ ತಪ್ಪಿಗೆ ನಾನೂ ಉಪವಾಸ. ಹಸಿದರೆ ನನಗೆ ಮೊದಲು ಬರುವುದು ಸಿಟ್ಟು. ಸೋಮವಾರ ಮಧ್ಯಾಹ್ನದ ಕ್ಲಾಸಿನಲ್ಲಿ ಮಕ್ಕಳು ನನ್ನನ್ನು ಕಂಡರೆ ಬೆಂಚಿನ ಕೆಳಗೆ ಸೇರಿಕೊಳ್ಳುವುದೊಂದು ಬಾಕಿ.

ಎಂಟನೇ ಇಯತ್ತೆಯ ಆ ಮಕ್ಕಳಿಗೆ ಭೂತಕಾಲ ಎಂದರೆ ದೆವ್ವದ ಕಾಲ. ನಿನ್ನೆಯೂ ಐ ಗೋ, ಹೋದ ವರ್ಷವೂ ಐ ಗೋ. ಗದರಿ ಸುಸ್ತಾಗಿ ನಾನೊಂದು ಉಪಾಯ ಹೂಡಿದೆ. ಮೊದಲು ಹೊತ್ತು ಹೇಳಿ, ಆಮೇಲೆ ಆದದ್ದು ಹೇಳಿ ಎಂದೆ. ಆನ್ ಸಂಡೇ, ಇನ್ ದಿ ಮಾರ್ನಿಂಗ್, ಆಫ್ಟರ್ ಲಂಚ್. ಈ ಪುಟ್ಟ ತುಂಡನ್ನು ಮುಂದೆ ಕೂರಿಸಿ ಒಂದು ಕ್ಷಣ ತಡೆದರೆ, ಮುಗಿದುಹೋದ ಕ್ರಿಯಾಪದ ತಾನಾಗಿ ಹಿಂದೆ ಬರುತ್ತದೆ. ಎತ್ತನ್ನು ಮುಂದೆ ಕಟ್ಟಿದರೆ ಬಂಡಿ ಹಿಂದೆ ಬಂದ ಹಾಗೆ. ನಮ್ಮ ಹೆಂಗಸರು ಕಟ್ಟೆಯ ಮೇಲೆ ಸುದ್ದಿ ಹೇಳುವುದೂ ಹೀಗೆಯೇ ಅಲ್ಲವೆ: ಮೊನ್ನೆ ಸಂತೆ ದಿನ, ಸಂಜೆ ಮುಂದ, ಬಾವಿ ಹತ್ರ. ಅಲ್ಲಿಗೇ ಕೇಳುವವರ ಬಾಯಿ ತೆರೆದಿರುತ್ತದೆ.

ದಿನಾ ಒಬ್ಬೊಬ್ಬರೂ ಒಂದು ವಾಕ್ಯ ಹೇಳಬೇಕು, ಅದು ತಮ್ಮ ಮನೆಯದೇ ಇರಬೇಕು, ನಿಜವೂ ಇರಬೇಕು ಎಂದು ಕಟ್ಟು ಮಾಡಿದೆ. ಮೊದಲ ವಾರದ ವಾಕ್ಯಗಳಲ್ಲಿ ಎಲ್ಲರೂ ಬರೀ ಚಹಾ ಕುಡಿದರು. ಎರಡನೇ ವಾರ ಬಾಯಿ ಬಿಚ್ಚಿದವು. ಆನ್ ಸಂಡೇ, ಮೈ ಫಾದರ್ ಫೆಲ್ ಇನ್ ದಿ ಕ್ಯಾನಲ್. ಆಫ್ಟರ್ ದಿ ಮ್ಯಾರೇಜ್, ಮೈ ಅಂಕಲ್ ಬ್ರಾಟ್ ಟೂ ಪ್ಲೇಟ್ಸ್ ಹೋಮ್. ಆ ಅಂಕಲ್ ನಮ್ಮ ಶಾಲೆಯ ಕಮಿಟಿ ಸದಸ್ಯ. ಕನ್ನಡದಲ್ಲಾದರೆ ಬೆನ್ನು ಮುರಿಯುವಂಥ ಮಾತನ್ನು ಆ ಮಕ್ಕಳು ಇಂಗ್ಲಿಷಿನಲ್ಲಿ ನಿರಾಳವಾಗಿ ಹೇಳಿಬಿಡುತ್ತಿದ್ದವು. ಇಂಗ್ಲಿಷಿನಲ್ಲಿ ಹೇಳಿದ್ದು ಶಾಲೆಯ ಗೇಟು ದಾಟುವುದಿಲ್ಲ ಎಂದು ಅವು ಗಟ್ಟಿಯಾಗಿ ನಂಬಿದ್ದವು. ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ.

ಶ್ರಾವಣದ ಒಂದು ಮಂಗಳವಾರ ಆಯಿಯ ಮೊಮ್ಮಗಳ ಸರದಿ ಬಂತು. ಮೂಗಿನಲ್ಲಿ ಮಾತಾಡುವ, ಗಟ್ಟಿ ನೆನಪಿನ ಹುಡುಗಿ. ಎದ್ದು ನಿಂತು, ಕಣ್ಣು ಮುಚ್ಚಿ, ಮಗ್ಗಿ ಹೇಳುವ ಧಾಟಿಯಲ್ಲಿ ಶುರು ಮಾಡಿದಳು: “ಆನ್ ಮಂಡೇ, ಬಿಫೋರ್ ಪೂಜಾ, ಇನ್ ದಿ ಡಾರ್ಕ್ ರೂಮ್, ಮೈ ಗ್ರ್ಯಾಂಡ್‌ಮದರ್ ಏಟ್ ರೊಟ್ಟಿ ಆ್ಯಂಡ್ ಕರ್ಡ್.”

ಒಂದರ ಹಿಂದೆ ಒಂದು ಮೂರು ತುಂಡು, ಕೊನೆಗೆ ತಪ್ಪಿಲ್ಲದ ಏಟ್. ನನಗೆ ಸಂತೋಷ ತಡೆಯಲಿಲ್ಲ. ಚಪ್ಪಾಳೆ ತಟ್ಟಿದೆ, ಎಲ್ಲರಿಂದಲೂ ತಟ್ಟಿಸಿದೆ, ಇನ್ನೊಮ್ಮೆ ಜೋರಾಗಿ ಹೇಳು ಎಂದೆ. ಆಕೆ ಇನ್ನೊಮ್ಮೆ ಜೋರಾಗಿ ಹೇಳಿದಳು. ಅರ್ಥ ನನ್ನ ತಲೆಗೆ ಇಳಿದದ್ದು ಆಗ. ಉಳಿದವರಿಗೆ ಗೊತ್ತಾಗಿರಲಾರದು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನವನು ಪಕ್ಕದವನಿಗೆ ಕನ್ನಡ ಮಾಡಿ ಹೇಳುತ್ತಿದ್ದ. ಕಲಿಸಿದ್ದು ಸಾರ್ಥಕವಾಗಿತ್ತು.

ಸಂಜೆ ನಾನು ಓಣಿಗೆ ಕಾಲಿಡುವ ಮೊದಲೇ ಸುದ್ದಿ ನಳದ ಹತ್ತಿರ ನಿಂತಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಒಬ್ಬಳು ಕೊಡಕ್ಕೆ ಹೇಳಿದಂತೆ ಹೇಳಿದಳು. ಒಣಗಿದ ಕಟಕ ರೊಟ್ಟಿ ಅಗಿದರೆ ಸಪ್ಪಳ ಮಾಡುತ್ತದೆ, ಅದಕ್ಕೇ ಮೊಸರಲ್ಲಿ ನೆನೆಸಿಕೊಂಡಿದ್ದಾರೆ ಎಂದು ಇನ್ನೊಬ್ಬಳು ವಿವರಿಸಿದಳು. ನನ್ನನ್ನು ಕಂಡು ಎಲ್ಲರೂ ಬಹಳ ಮರ್ಯಾದೆಯಿಂದ ದಾರಿ ಬಿಟ್ಟರು.

ಆಯಿ ಕಟ್ಟೆಯ ಮೇಲೆ ಕೂತಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು. “ವಾರ ಕಳೀಲಿ ಅಕ್ಕಾರ, ಸೋಮಾರ ಮಾತಾಡೂಣು” ಅಂದರು, ಅಷ್ಟೆ. ಆ ರಾತ್ರಿಯೇ ನಾನು ಪೆಟ್ಟಿಗೆ ತುಂಬಲು ಶುರು ಮಾಡಿದೆ. ಖೋಲಿ ಹೋದರೆ ನೌಕರಿ ಹೋಯಿತು, ನೌಕರಿ ಹೋದರೆ ಅವಲಕ್ಕಿ ತಟ್ಟೆ ಕೈಗೆ ಬಂತು. ಎಲ್ಲ ಬಿಟ್ಟು ಎರಡು ರೊಟ್ಟಿಗಾಗಿ. ನನಗೆ ಅಳು ಬಂತು, ಅಳುವಿನ ನಡುವೆ ಆಯಿಯ ಮೇಲೆ ಸಿಟ್ಟೂ ಬಂತು. ಅವರು ಒಳಗೆ ಮೊಸರು ರೊಟ್ಟಿ ತಿನ್ನುತ್ತಿದ್ದಾಗ ನಾನು ಹೊರಗೆ ಗೋಡೆಯ ಮೇಲಿನ ಹಲ್ಲಿಯನ್ನೂ ಆಸೆಯಿಂದ ನೋಡುತ್ತಿದ್ದೆ.

ಮರುದಿನದಿಂದ ವಾಕ್ಯಗಳೆಲ್ಲ ದನಕರುಗಳ ಮೇಲೆ ಮಾತ್ರ ಇರಬೇಕೆಂದು ಹುಕುಂ ಮಾಡಿದೆ. ಆಫ್ಟರ್ ದಿ ಬಾತ್, ದಿ ಬಫೆಲೋ ಸ್ಮೈಲ್ಡ್ ಎಂದಿತು ಒಂದು ಮಗು. ನಾನು ತಿದ್ದಲಿಲ್ಲ.

ಸೋಮವಾರ ಸಂಜೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಕ್ತಿಯಿಂದ ಬಾರದವರೂ ತಮಾಷೆ ನೋಡಲು ಬಂದಿದ್ದರು. ನಾನು ಖೋಲಿಯ ಬಾಗಿಲಿಗೆ ಆತು ನಿಂತಿದ್ದೆ. ಆಯಿಯ ಸೊಸೆ, ಅಂದರೆ ನನ್ನ ವಿದ್ಯಾರ್ಥಿನಿಯ ತಾಯಿ, ಎಂದಿನಂತೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು. ಆ ಮನೆಯಲ್ಲಿ ಇದ್ದಷ್ಟು ದಿನ ನಾನು ಆಕೆಯ ದನಿ ಕೇಳಿದ್ದೇ ಅಪರೂಪ.

ಆಯಿ ದೀಪ ಹಚ್ಚಲಿಲ್ಲ. ಕಡ್ಡಿಪೆಟ್ಟಿಗೆ ಕೈಯಲ್ಲೇ ಹಿಡಿದು ಹೇಳಿದರು: “ಪೋರಿ ಸಾಲ್ಯಾಗ ಹೇಳಿದ್ದು ಖರೇ ಐತಿ. ನನಗ ಸಕ್ಕರಿ ಬ್ಯಾನಿ. ಗುಳಿಗಿ ನುಂಗಿ ಹೊಟ್ಟಿ ಖಾಲಿ ಇಟ್ಟರ ತಲಿ ತಿರಗತೈತಿ. ಹೋದ ವರ್ಷಾನೂ ತಿಂದೇನಿ. ಹೇಳಾಕ ನಾಚಿಕಿ ಬಂತು.”

ಆಮೇಲೆ ಪಕ್ಕದ ಮನೆಯಾಕೆ ಕೆಮ್ಮಿ, ತಾನೂ ಮಧ್ಯಾಹ್ನ ಒಂದು ಹಿಡಿ ಚುರುಮುರಿ ತಿಂದಿದ್ದೇನೆ ಎಂದು ನೆಲ ನೋಡುತ್ತ ಒಪ್ಪಿಕೊಂಡಳು. ನಳದ ಹತ್ತಿರ ಬದನೆಕಾಯಿ ಗಾದೆ ಹೇಳಿದವಳು ನೈವೇದ್ಯಕ್ಕೆ ಮಾಡಿದ ಮಾದಲಿಯ ಸಿಹಿ ಸರಿಯಾಗಿದೆಯೋ ಇಲ್ಲವೋ ಎಂದು ರುಚಿ ನೋಡುತ್ತ ನೋಡುತ್ತ ಬಟ್ಟಲು ಮುಗಿಸಿದ್ದಳಂತೆ. ಒಬ್ಬೊಬ್ಬರದೇ ಹೊರಬಿತ್ತು. ಬಾಳೆಹಣ್ಣು, ಉಂಡಿ, ಮಗು ಬಿಟ್ಟ ಅನ್ನ. ಚಹಾ ಕುಡಿದವರು ಅದು ಉಪವಾಸದ ಲೆಕ್ಕಕ್ಕೆ ಬರುವುದಿಲ್ಲ ಎಂದು ವಾದಕ್ಕಿಳಿದರು. ಉಂಡ ಕಳೆಯನ್ನು ಮುಖದಲ್ಲೇ ಓದುವ ಆಯಿ ಇಷ್ಟು ವರ್ಷ ಇಡೀ ಓಣಿಯ ಹೊಟ್ಟೆ ತುಂಬಿದ ಮುಖಗಳನ್ನೇ ಮೆಚ್ಚಿಕೊಂಡು ಬಂದಿದ್ದರು. ಪಡಸಾಲೆ ನಗೆಯಲ್ಲಿ ತುಂಬಿಹೋಯಿತು. ಆಯಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

“ಅತ್ತಿ, ನಾ ತಿಂದಿಲ್ಲ” ಎಂದು ಅಡುಗೆಮನೆಯ ಬಾಗಿಲಿನಿಂದ ದನಿ ಬಂತು.

ನಗೆ ಅರ್ಧಕ್ಕೆ ನಿಂತಿತು. ಸೊಸೆ ಯಾರನ್ನೂ ನೋಡದೆ ಮುಂದುವರಿಸಿದಳು. “ಈ ಪೋರಿ ಹೊಟ್ಯಾಗ ಇದ್ದಾಗೂ ತಿಂದಿಲ್ಲ. ಹಿತ್ತಲದಾಗ ಕಣ್ಣಿಗೆ ಕತ್ತಲಿ ಬಂದು ಬಿದ್ದಾಗೂ ತಿಂದಿಲ್ಲ. ನೀವು ತಿನ್ನೂದು ನನಗ ಗೊತ್ತಿತ್ತು. ಆ ಕತ್ತಲಿ ಖೋಲ್ಯಾಗ ರೊಟ್ಟಿ ಇಡಾಕಿ ನಾನ, ಮೊಸರು ಮುಚ್ಚಿ ಇಡಾಕಿನೂ ನಾನ. ನೀನೂ ಒಂದು ತುತ್ತು ತಿನ್ನ ಅಂತೀರೇನೋ ಅಂತ ಕಾಯತಿದ್ನಿ.”

ಆಕೆ ದನಿ ಏರಿಸಿರಲಿಲ್ಲ. ಯಾರಾದರೂ ನೀರು ಕೇಳಿದರೆ ತಂದುಕೊಡುವಾಗಿನ ದನಿಯೇ ಅದು. ಒಂದೇ ಸೂರಿನ ಕೆಳಗೆ ಇದ್ದು ನಾನು ಬರೀ ನನ್ನ ಹಸಿವನ್ನು ಲೆಕ್ಕ ಹಾಕಿಕೊಂಡಿದ್ದೆ.

ಆಯಿ ಕಡ್ಡಿಪೆಟ್ಟಿಗೆಯನ್ನು ದೇವರ ಮುಂದೆ ಇಟ್ಟು ಎದ್ದರು. ಮೊಣಕಾಲು ಹಿಡಿದುಕೊಂಡು ಒಳಗೆ ಹೋಗಿ ತಾವೇ ತಟ್ಟೆ ತಂದರು. ರೊಟ್ಟಿ, ಮೊಸರು, ಶೇಂಗಾ ಚಟ್ನಿ. ನನ್ನ ಕಡೆ ತಿರುಗಿ, “ಅಕ್ಕಾರ, ಪೆಟಗಿ ಬಿಚ್ಚರಿ, ನೀವೆಲ್ಲಿ ಹೋಗತೀರಿ” ಅಂದರು. ಆಮೇಲೆ ಸೊಸೆಯ ರಟ್ಟೆ ಹಿಡಿದು ಪಡಸಾಲೆಯ ನಡುವೆ, ಎಲ್ಲ ಹೆಂಗಸರ ಎದುರಿಗೆ, ತಮ್ಮ ಮಣೆಯ ಮೇಲೆ ಕೂರಿಸಿದರು.

ಪೂಜೆ ಆಗಿಲ್ಲವಲ್ಲ ಎಂದು ಸೊಸೆ ದೀಪದ ಕಡೆ ನೋಡಿದಳು.

“ದೇವರು ಕಾಯತಾನ, ನೀ ಉಣ್ಣ” ಎಂದು ಆಯಿ ರೊಟ್ಟಿ ಮುರಿಯತೊಡಗಿದರು. ಅಷ್ಟು ಜನ ಇದ್ದ ಪಡಸಾಲೆಯಲ್ಲಿ ಆ ರೊಟ್ಟಿ ಮುರಿಯುವ ಸಪ್ಪಳ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.